ತೊಳೆಯದ ಹೆಬ್ಬೆಟ್ಟು

ಕಳೆದ ನವೆಂಬರಿನಲ್ಲಿ ಬ್ಯಾಂಕಿನವರು ನನ್ನ ಸಹಿ ಒಪ್ಪಲಿಲ್ಲ. ಪಿಂಚಣಿ ತೆಗೆದುಕೊಳ್ಳುವ ನಾವೆಲ್ಲ ವರ್ಷಕ್ಕೊಮ್ಮೆ ಹೋಗಿ, ಇನ್ನೂ ಬದುಕಿದ್ದೇವೆ ಎಂದು ಬರೆದುಕೊಟ್ಟು ಬರಬೇಕು. ನನಗೀಗ ಕೈ ನಡುಗುತ್ತದೆ. ಮೂರು ಸಲ ಸಹಿ ಮಾಡಿದೆ, ಮೂರೂ ಮೂರು ಜನ ಬೇರೆಯವರು ಮಾಡಿದ ಹಾಗೆ ಬಂದವು. ಕೌಂಟರಿನ ಹುಡುಗಿ ಒಳ್ಳೆಯವಳು. “ಇರ್ಲಿ ಬಿಡ್ರಿ ಅಜ್ಜಾರ, ಹೆಬ್ಬೆಟ್ಟ ಒತ್ರಿ, ನಡೀತೈತಿ” ಎಂದು ಶಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಅರ್ಧ ಔಷಧಿ, ಅರ್ಧ ಹಳಸಿದ ಎಣ್ಣೆ. ಒತ್ತಿದ ಮೇಲೆ ಒರೆಸಿಕೊಳ್ಳಲು ಕಾಗದ ಕೊಟ್ಟಳು. ನಾನು ಒರೆಸಿಕೊಳ್ಳದೆ ಹಾಗೇ ಗದಗಿನ ಬಜಾರದಲ್ಲಿ ನಡೆದುಕೊಂಡು ಮನೆಗೆ ಬಂದೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಗದಗಿಗೂ ಬೆಟಗೇರಿಗೂ ನಡುವೆ ಇದ್ದ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನನಾಗಿದ್ದೆ. ಊರು ಲಕ್ಷ್ಮೇಶ್ವರ, ವಯಸ್ಸು ಇಪ್ಪತ್ತೇಳು, ಓದು ಮ್ಯಾಟ್ರಿಕ್. ಹಾಜರಿ ಪುಸ್ತಕ, ಪಗಾರದ ಪಟ್ಟಿ, ಪ್ರಾವಿಡೆಂಟ್ ಫಂಡಿನ ಕಾಗದಗಳು ನನ್ನ ಮೇಜಿನ ಮೇಲೆ ಇರುತ್ತಿದ್ದವು. ಗಿರಣಿಯ ಮುಕ್ಕಾಲು ಜನಕ್ಕೆ ಓದಲು ಬರುತ್ತಿರಲಿಲ್ಲ. ಅವರೆಲ್ಲ ನನ್ನೆದುರು ಕೈಕಟ್ಟಿ ನಿಲ್ಲುತ್ತಿದ್ದುದರಿಂದ ನನಗೆ ಅಕ್ಷರದ ಸೊಕ್ಕು ನೆತ್ತಿಗೇರಿತ್ತು. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಆ ವರ್ಷ ದೀಪಾವಳಿ ಮುಗಿದು ಹೊಸ ಹತ್ತಿ ಬರಲು ಶುರುವಾದಾಗ ಫಂಡಿನ ದೊಡ್ಡ ಕಚೇರಿಯಿಂದ ಫಾರ್ಮುಗಳ ಕಟ್ಟೊಂದು ಬಂತು. ಹೊಸ ಯೋಜನೆ. ಫಂಡು ಕಟ್ಟುವ ಕೂಲಿಕಾರ ಒಪ್ಪಿ ಹೆಬ್ಬೆಟ್ಟು ಒತ್ತಿದರೆ, ಅವನು ಸತ್ತ ಮೇಲೆ ಹೆಂಡತಿಗೆ ತಿಂಗಳು ತಿಂಗಳು ಪಿಂಚಣಿ. ಪಗಾರದಲ್ಲಿ ಹೆಚ್ಚಿಗೆ ಮುರಿಯುವುದೂ ಇಲ್ಲ, ಫಂಡಿಗೆ ಹೋಗುವುದರಲ್ಲೇ ಒಂದು ಪಾಲು ಇದಕ್ಕೆ ಹೋಗುತ್ತದೆ. ಒಪ್ಪುವುದು ಬಿಡುವುದು ಅವರವರ ಇಷ್ಟ, ಮಾರ್ಚ್ ತಿಂಗಳ ಕೊನೆಯವರೆಗೆ ಅವಕಾಶ. ಇಷ್ಟು ಒಳ್ಳೆಯ ಕಾಗದ ಆ ಗಿರಣಿಯ ಬಾಗಿಲಿಗೆ ಹಿಂದೆಂದೂ ಬಂದಿರಲಿಲ್ಲ. ನಾನು ಎಲ್ಲರ ಹೆಬ್ಬೆಟ್ಟು ಒಂದೇ ವಾರದಲ್ಲಿ ಒತ್ತಿಸಿದೆ. ಆಮೇಲೆ ಇಲ್ಲದ ಜಾಣತನ ಮಾಡಲು ಹೋದೆ. ದೊಡ್ಡ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದು ಗೇಟಿನ ಬೋರ್ಡಿಗೆ ಅಂಟಿಸಿದೆ. ಎಡಗಡೆ ಕೂಲಿಕಾರರ ಹೆಸರು. ಬಲಗಡೆ, ಫಾರ್ಮಿನಲ್ಲಿ ಇದ್ದ ಹಾಗೆಯೇ, ‘ವಿಧವೆಯ ಹೆಸರು’ ಎಂಬ ಶಿರೋನಾಮೆಯ ಕೆಳಗೆ ಆ ಬದುಕಿದ್ದ ಗಂಡಸರ ಹೆಂಡಂದಿರ ಹೆಸರು.

ಅವತ್ತು ಗೌರಿ ಹುಣ್ಣಿಮೆ. ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಿಗೆ ಬೆಳಗಲು ಹೋಗುತ್ತಾರೆ, ಮುತ್ತೈದೆತನ ಉಳಿಯಲಿ ಎಂದು ಬೇಡಿಕೊಳ್ಳುತ್ತಾರೆ. ಆ ಸಂಜೆ ಆರತಿಗೆ ಹೊರಟ ಗುಂಪಿಗೆ ಓದಲು ಬರುವ ಯಾರೋ ಪಟ್ಟಿಯ ಸುದ್ದಿ ಹೇಳಿದರು. ಮರುದಿನ ಮುಂಜಾನೆ ನನ್ನ ಕಿಟಕಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು.

ಮುಂದೆ ನಿಂತವಳು ಫಕ್ಕೀರವ್ವ. ಹತ್ತಿ ತುಳಿಯುವ ದ್ಯಾಮಪ್ಪನ ಹೆಂಡತಿ. ಐವತ್ತರ ಹತ್ತಿರದ, ಎತ್ತರದ, ಮಾತು ಕಡಿಮೆಯ ಹೆಂಗಸು. ತವರು ಡೋಣಿ. ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ, ಗಂಡ ಹೆಂಡಿರಿಬ್ಬರೇ ಬೆಟಗೇರಿಯಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿದ್ದರು.

“ಕಾರಕೂನ್ರ, ಗೌರವ್ವಗ ಆರತಿ ಬೆಳಗಿ ಬಂದೀವಿ. ನೀವು ನೋಡಿದ್ರ ನಮ್ಮನ್ನ ಮುಂಡ್ಯಾರ ಪಟ್ಟ್ಯಾಗ ಬರದೀರಿ. ನನ್ನ ಹೆಸರು ತಗೀರಿ” ಎಂದಳು.

“ಯವ್ವಾ, ಇದು ಸರಕಾರದ ಕಾಗದ. ಮುಂದ ನಿನಗ ರೊಕ್ಕ ಬರಲಿ ಅಂತ ಬರದದ್ದು.”

“ಅವ್ರ ಹೋದ ಮ್ಯಾಲೆ ಬರೂ ರೊಕ್ಕ ನನಗ ಬ್ಯಾಡ್ರಿ. ಅವ್ರು ಇದ್ದಾಗನ ಅದನ್ನ ಬರದ ಇಟ್ಟರ, ಅವ್ರನ್ನ ಕಳಿಸಿಕೊಟ್ಟಂಗ ಆಗತೈತಿ.”

ಮಾತು ಬಲ್ಲವನು ಮಾಣಿಕ್ಯ ತರುತ್ತಾನೆ, ಮಾತರಿಯದವನು ಜಗಳ ತರುತ್ತಾನೆ. ಬೋರ್ಡಿನ ಮೇಲಿನ ಹಾಳೆ ಹರಿದು ಹಾಕಿ, ತಪ್ಪಾತು ಎಂದು ಕೈಮುಗಿದು, ಫಾರ್ಮುಗಳನ್ನು ಸುಮ್ಮನೆ ಕಪಾಟಿನಲ್ಲಿ ಇಟ್ಟುಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಕಾಯ್ದೆ ಹೇಳಲು ಶುರುಮಾಡಿದೆ. ಅವರು ಕದಲಲಿಲ್ಲ. ಒಳಗಿನಿಂದ ಗಂಡಸರು ಇಣುಕಿ ನೋಡುತ್ತಿದ್ದರು, ಯಾರೋ ನಕ್ಕರು. ನನಗೆ ಸಿಟ್ಟು ಬಂತು. ಎಲ್ಲರ ಎದುರಿಗೆ ದ್ಯಾಮಪ್ಪನ ಫಾರ್ಮು ತೆಗೆದು ನಾಲ್ಕು ತುಂಡು ಮಾಡಿದೆ.

“ತಗೋ, ಆತು. ನಾಳೆ ಗಂಡ ಸತ್ತ ಮ್ಯಾಲೆ ಅಳಕೋತ ನನ್ನ ಬಾಗಲಕ ಬರಬ್ಯಾಡ” ಎಂದೆ.

ಫಕ್ಕೀರವ್ವ ಎರಡೂ ಕೈಯನ್ನು ಹಣೆಯ ಬದಿಗೆ ಒತ್ತಿ ನೆಟಿಕೆ ಮುರಿದಳು, ನನ್ನ ಮಾತಿನ ದೃಷ್ಟಿ ಗಂಡನಿಗೆ ತಾಗದಿರಲಿ ಎಂದು. ಆಮೇಲೆ ಸೆರಗು ಹೊದ್ದುಕೊಂಡು ಹೋದಳು. ಅವತ್ತೇ ದೊಡ್ಡ ಕಚೇರಿಗೆ ಹೋಗುವ ವರದಿಯಲ್ಲಿ ದ್ಯಾಮಪ್ಪನ ಹೆಸರಿನ ಮುಂದೆ ‘ಇಚ್ಛೆ ಇಲ್ಲ’ ಎಂದು ಬರೆದೆ.

ಇಂಜಿನ್ ನೋಡಿಕೊಳ್ಳುತ್ತಿದ್ದ ಇಮಾಮಸಾಬರು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನ್ನ ಪಕ್ಕಕ್ಕೆ ಬಂದು ಕುಳಿತರು. ಶಿರಹಟ್ಟಿಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. “ನಮ್ಮ ಮನ್ಯಾಕಿನೂ ಕೇಳಿದ್ಲರಿ, ಇದೇನಂತ. ಜೀವ ಒಯ್ಯಾವ ನಿಮ್ಮ ಕಾಗದ ಓದಿ ಬರೂದಿಲ್ಲ, ಒತ್ತಿ ಬರ್ರಿ ಅಂದ್ಲು. ಆದ್ರ ಎಲ್ಲಾರೂ ಹಂಗ ಇರೂದಿಲ್ಲಲ್ರಿ. ಆ ಹೆಣ್ಣಮಗಳಿಗೆ ನೀವು ಅಂದದ್ದು ಬರೋಬ್ಬರಿ ಆಗಲಿಲ್ಲ ನೋಡ್ರಿ” ಎಂದರು. ನಾನು ರೊಟ್ಟಿ ಮುರಿಯುತ್ತಾ ಕುಳಿತೆ. ಅವರು ಹೇಳಿದ್ದು ಖರೆ ಎಂದು ಗೊತ್ತಿದ್ದೂ ಒಪ್ಪಲಿಲ್ಲ.

ಹತ್ತಿಯ ಹಂಗಾಮು ಏರಿತು. ಹರ್ತಿಯಿಂದ, ಅಂತೂರ ಬೆಂತೂರದಿಂದ ಚಕ್ಕಡಿಗಳು ನಸುಕಿನಲ್ಲೇ ಬಂದು ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು. ಕಪ್ಪತಗುಡ್ಡದ ಕಡೆಯಿಂದ ಒಣ ಚಳಿಗಾಳಿ ಬೀಸಿ, ಹತ್ತಿಯ ನವಿರು ಕಣ್ಣು, ಕಿವಿ, ಅನ್ನದ ತಾಟು ಯಾವುದನ್ನೂ ಬಿಡುತ್ತಿರಲಿಲ್ಲ. ದ್ಯಾಮಪ್ಪ ದಿನವಿಡೀ ಕುಣಿಯಲ್ಲಿ, ಹತ್ತಿ ತುಂಬುವ ಗುಂಡಿಯಲ್ಲಿ, ನಿಂತು ತುಳಿಯುತ್ತಿದ್ದ. ಅವನ ಕೆಮ್ಮು ನನ್ನ ಕಿಟಕಿಯವರೆಗೂ ಕೇಳುತ್ತಿತ್ತು.

ಎಳ್ಳಮಾವಾಸ್ಯೆಯ ಹಿಂದಿನ ದಿನ, ಪಾಳಿ ಬಿಟ್ಟ ಹೊತ್ತಿನಲ್ಲಿ ಅವನು ನನ್ನ ಬಾಗಿಲಿಗೆ ಬಂದ. ರೆಪ್ಪೆಯ ಮೇಲೆಲ್ಲ ಹತ್ತಿ.

“ಕಾರಕೂನ್ರ, ಅಕಿ ಮಾತ ಮನಸಿಗೆ ಹಚ್ಕೋಬ್ಯಾಡ್ರಿ. ನನ್ನ ಎದಿ ನನಗ ಗೊತ್ತೈತಿ. ಭಾಳ ದಿನದ್ದಲ್ಲ ಇದು. ನಾ ಒತ್ತತೀನಿ, ಬರಕೋರಿ. ಅಕಿಗೆ ಮಾತ್ರ ಹೇಳಬ್ಯಾಡ್ರಿ.”

ಅವನ ಫಾರ್ಮು ಹರಿದು ಹಾಕಿದವನು ನಾನೇ. ನನ್ನಲ್ಲಿ ಇನ್ನೊಂದು ಇರಲಿಲ್ಲ, ದೊಡ್ಡ ಕಚೇರಿಯಿಂದ ತರಿಸಬೇಕಿತ್ತು. ಅದನ್ನು ಅವನಿಗೆ ಹೇಳುವ ಬದಲು ಒಂದು ಬಿಳಿ ಹಾಳೆ ತೆಗೆದೆ. ಇದರ ಮೇಲೆ ಒತ್ತು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನ ಬೆರಳು ಹಿಡಿದು ಡಬ್ಬಿಗೆ ಒತ್ತಿ, ಹಾಳೆಗೆ ಒತ್ತಿಸಿದೆ. ಅವನು ಹೆಬ್ಬೆಟ್ಟನ್ನು ಹತ್ತಿಯಿಂದ ತಿಕ್ಕಿಕೊಂಡ. ನೀಲಿ ಹೋಗಲಿಲ್ಲ.

“ಅಕಿ ಕಣ್ಣಿಗೆ ಬಿದ್ರ ಇಂಜಿನ್ನಿನ ಬಣ್ಣ ಅಂತ ಹೇಳತೀನಿ” ಎಂದು ನಕ್ಕು, ಕೆಮ್ಮಿ, ಹೋದ.

ಹಾಳೆಯ ಮೂಲೆಯಲ್ಲಿ ಅವನ ಹೆಸರು ಬರೆದು ಮೇಜಿನ ಡ್ರಾವರಿನಲ್ಲಿಟ್ಟೆ. ಫಾರ್ಮು ತರಿಸಲು ಒಂದು ಪತ್ರ ಬರೆಯಬೇಕು, ಅಷ್ಟೇ ಕೆಲಸ. ಆದರೆ ಪತ್ರಕ್ಕೆ ಮ್ಯಾನೇಜರರ ಸಹಿ ಬೇಕು, ಮೊದಲಿನ ಫಾರ್ಮು ಏನಾಯಿತೆಂದು ಅವರು ಕೇಳುತ್ತಾರೆ, ಸಿಟ್ಟಿನಲ್ಲಿ ಹರಿದೆ ಎಂದು ನಾನು ಹೇಳಬೇಕು. ನೌಕರಿ ಹೋದೀತೆಂಬ ಹೆದರಿಕೆ ಸ್ವಲ್ಪ, ಮಾನದ ಹೆದರಿಕೆ ಬಹಳ. ನಾಳೆ ಬರೆದರಾಯಿತು ಎಂದುಕೊಂಡೆ. ಸಂಕ್ರಾಂತಿ ಹೋಯಿತು, ಹೋಳಿ ಹುಣ್ಣಿಮೆ ಹೋಯಿತು. ದ್ಯಾಮಪ್ಪ ಎದುರಾದಾಗಲೆಲ್ಲ “ಹೋತೇನ್ರಿ ಕಾಗದ?” ಎಂದು ಕಣ್ಣಲ್ಲೇ ಕೇಳುತ್ತಿದ್ದ, ನಾನು ಹೂಂ ಎಂಬಂತೆ ತಲೆ ಆಡಿಸುತ್ತಿದ್ದೆ. ಮಾರ್ಚ್ ಮುಗಿಯಿತು. ಸರಕಾರದ ತಾರೀಖು ಎಂದಾದರೂ ಒಂದಕ್ಕೇ ನಿಂತದ್ದುಂಟೇ, ಮುಂದೆ ಹಾಕೇ ಹಾಕುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆ ಸಲ ಮುಂದೆ ಹಾಕಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಆದೆ.

ಯುಗಾದಿ ಕಳೆದು ಮೂರನೆಯ ವಾರ, ಬಿಸಿಲು ತಲೆ ಸೀಳುವ ಹೊತ್ತಿನಲ್ಲಿ, ದ್ಯಾಮಪ್ಪ ಕುಣಿಯಲ್ಲೇ ಕುಸಿದ. ನಾಲ್ಕು ದಿನ ಜ್ವರ. ಐದನೆಯ ದಿನ ಬೆಳಿಗ್ಗೆ ಇಮಾಮಸಾಬರು ಬಂದು ಅವನು ಹೋದ ಖಬರ ಹೇಳಿದರು. ನಾನು ಮಣ್ಣಿಗೆ ಹೋದೆ. ಹೆಂಗಸರ ಗುಂಪು ನನ್ನನ್ನು ನೋಡಿ ದಾರಿ ಬಿಟ್ಟು ಸರಿಯಿತು. ನನ್ನ ನಾಲಗೆ ಅವನನ್ನು ತಿಂದಿತೆಂದು ಅವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ತಿಂಗಳು ಕಳೆದು, ಹುಣ್ಣಿಮೆಯ ಮರುದಿನ ಫಕ್ಕೀರವ್ವ ನನ್ನ ಬಾಗಿಲಿಗೆ ಬಂದಳು. ಬರಬೇಡ ಎಂದಿದ್ದೆನಲ್ಲ, ಅದೇ ಬಾಗಿಲು. ಹಣೆ ಬರಿದಾಗಿತ್ತು.

“ಅವ್ರು ನಿಮ್ಮ ಕಡೆ ಬಂದು ಹೆಬ್ಬೆಟ್ಟ ಒತ್ತಿದ್ದು ನನಗ ಗೊತ್ತೈತ್ರಿ” ಎಂದಳು. “ಫಂಡಿನ ರೊಕ್ಕ ದವಾಖಾನಿಗೆ, ದಿನಕರ್ಮಕ್ಕ ಹ್ವಾದೂವು. ಪಿಂಚಣಿ ರೊಕ್ಕ ಯಾವಾಗ ಬರತೈತಿ ಹೇಳಿದ್ರ ಕೋಣಿ ಬಾಡಗಿಯವ್ರಿಗೆ ಹೇಳತೀನಿ. ಇಲ್ಲಂದ್ರ ಡೋಣಿಗೆ ಹೋಗಿ ತಮ್ಮನ ಹೇಣ್ತಿ ಕೈಯಾಗ ಉಣಬೇಕು. ಅದೊಂದು ಬ್ಯಾಡ್ರಿ ನನಗ.”

“ಬರತೈತಿ” ಎಂದೆ. ಅವಳಿಗೆ ನಾನು ಹೇಳಿದ ಮೊದಲ ಸುಳ್ಳು ಅದೇ.

ಅವಳು ಮುಂದಿನ ಹುಣ್ಣಿಮೆಯ ಮರುದಿನವೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕುಳಿತು, ನಾನು ಕರೆಯುವವರೆಗೆ ಕಾಯುತ್ತಿದ್ದಳು. ಕೊನೆಗೆ ಇಮಾಮಸಾಬರಿಗೆ ಎಲ್ಲ ಹೇಳಿದೆ. ಅವರು “ಆ ಹಾಳ್ಯಾಗ ಹಳೇ ತಾರೀಖ ಹಾಕಿ ಬರದ ಬಿಡ್ರಿ. ಈ ಸುಳ್ಳಿಗೆ ಮ್ಯಾಲಿನಾಂವ ಮಾಫಿ ಕೊಡತಾನ” ಎಂದರು. ಆದರೆ ದೊಡ್ಡ ಕಚೇರಿಗೆ ಹೋದ ವರದಿಯಲ್ಲಿ ‘ಇಚ್ಛೆ ಇಲ್ಲ’ ಎಂದು ನನ್ನ ದುಂಡಕ್ಷರವೇ ಕುಳಿತಿತ್ತು.

ಆದರೂ ಹಾಳೆ ಹಿಡಿದುಕೊಂಡು ಬಸ್ಸು ಹತ್ತಿದೆ. ಮಳೆ ಹಿಡಿದಿತ್ತು. ದೊಡ್ಡ ಕಚೇರಿಯ ಅಧಿಕಾರಿ ನನ್ನ ತಂದೆಯ ವಯಸ್ಸಿನವರು, ನಿಂತವನನ್ನು ಕೂರಿಸಿ ಪೂರ್ತಿ ಕೇಳಿದರು. ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

“ಇದರಾಗ ಹೆಸರು ಬಿಟ್ಟು ಏನೂ ಬರದಿಲ್ಲಲ್ಲಪ್ಪಾ. ಬರೇ ಒಂದು ಹೆಬ್ಬೆಟ್ಟು. ಮಾರ್ಚಿನ ಒಳಗ ಒಂದ ಕಾರ್ಡ ಬರದಿದ್ರ ನಾನ ಫಾರ್ಮು ಕಳಿಸ್ತಿದ್ದೆ. ಈಗ ನನ್ನ ಕೈಯಾಗ ಇಲ್ಲ” ಎಂದು ಹಾಳೆಯನ್ನು ಮಡಚಿ ನನಗೇ ವಾಪಸು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಒಂದು ಕಾರ್ಡು ಎಂಬ ಮಾತು ಗದಗ ಮುಟ್ಟುವವರೆಗೂ ಕಿವಿಯಲ್ಲಿತ್ತು.

ಶ್ರಾವಣದ ಹುಣ್ಣಿಮೆಯ ಮರುದಿನ ಅವಳು ಬಂದಾಗ ರೊಕ್ಕ ಬರುವುದಿಲ್ಲ ಎಂದು ಹೇಳಿದೆ. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ, ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಕೇಳಿದ್ದು ಬೇರೆ.

“ಮಸಿ ತೊಳದದ್ದಕ್ಕ ಏನ್ರಿ?”

ನನಗೆ ತಿಳಿಯಲಿಲ್ಲ.

“ಅವತ್ತ ಮನಿಗೆ ಬಂದಾಗ ಅವ್ರ ಹೆಬ್ಬೆಟ್ಟಿಗೆ ನೀಲಿ ಹತ್ತಿತ್ತರಿ. ಒತ್ತಿ ಬಂದಾರಂತ ಗೊತ್ತಾತು. ನನಗ ಎದಿ ಒಡದಂಗ ಆತು. ಹುಣಚಿಹಣ್ಣ, ಬೂದಿ ಹಚ್ಚಿ, ಅವ್ರು ಉರೀತೈತಿ ಅಂದ್ರೂ ಬಿಡದ, ತಿಕ್ಕಿ ತಿಕ್ಕಿ ತೊಳದ ಬಿಟ್ನಿ. ಬೆರಳಿನ ಮಸಿ ಹ್ವಾದ್ರ ಕಾಗದದಾಗಿಂದೂ ಹೋಗಲಿ ಅಂತ ಬೇಡಕೊಂಡ ತೊಳದ್ನಿ. ಅದಕ್ಕ ಹೋತೇನ್ರಿ?”

ಅಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು. ಆದರೆ ಅಲ್ಲ ಎಂದರೆ ಮತ್ತೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. “ಕಾಯ್ದೆ ಹಂಗ ಐತೆವ್ವಾ, ನನಗ ಗೊತ್ತಿಲ್ಲ” ಎಂದೆ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎದ್ದು ನಿಂತು, “ಬರತೀನ್ರಿ” ಎಂದು ಮಳೆಯಲ್ಲೇ ಹೋದಳು. ಆ ವಾರವೇ ಕೋಣೆ ಬಿಟ್ಟು ಡೋಣಿಗೆ ಹೋದಳೆಂದು ಇಮಾಮಸಾಬರಿಂದ ತಿಳಿಯಿತು.

ಆಮೇಲೆ ನಾನು ಹುಚ್ಚು ಹಿಡಿದವನಂತೆ ಇದೇ ಕೆಲಸಕ್ಕೆ ಬಿದ್ದೆ. ಭಾನುವಾರ ಬಂತೆಂದರೆ ಚೀಲದಲ್ಲಿ ಫಾರ್ಮು, ಶಾಯಿ ಡಬ್ಬಿ ಹಾಕಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಗೆ ಹೋಗಿ ಮುದುಕರ ವೃದ್ಧಾಪ್ಯ ವೇತನದ ಅರ್ಜಿ ಬರೆದುಕೊಡುತ್ತಿದ್ದೆ. ಯಾರ ಕೈಯಿಂದಲೂ ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪುಣ್ಯಾತ್ಮ ಎನ್ನುತ್ತಿದ್ದರು, ಕಾಲು ಮುಟ್ಟಲು ಬರುತ್ತಿದ್ದರು. ಆಗೆಲ್ಲ ಕದ್ದ ಅನ್ನ ಉಂಡ ಹಾಗೆ ಆಗುತ್ತಿತ್ತು. ಡೋಣಿಗೆ ಮಾತ್ರ ಆರು ವರ್ಷ ಕಾಲಿಡಲಿಲ್ಲ. ಕೊನೆಗೆ ಆ ಊರಿನವರೇ ಕರೆಯಲು ಬಂದಾಗ ಇಲ್ಲ ಎನ್ನಲು ನೆವ ಸಿಗಲಿಲ್ಲ. ಮೊದಲ ಭಾನುವಾರ ಚಾವಡಿಯಲ್ಲಿ ಕುಳಿತು ಹದಿನಾಲ್ಕು ಜನರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಫಕ್ಕೀರವ್ವ ಕಾಣಲಿಲ್ಲ, ದೇವರು ದೊಡ್ಡವನು ಎಂದುಕೊಂಡು ಹಿಂದಿರುಗಿದೆ.

ಉಳಿದವರ ಅರ್ಜಿ ಬರೆಯಲು ಮುಂದಿನ ಭಾನುವಾರ ಹೋದಾಗ, ಹಿಂದಿನ ವಾರ ಒತ್ತಿದವರೂ ಚಾವಡಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಹದಿನಾಲ್ಕೂ ಜನರ ಹೆಬ್ಬೆಟ್ಟಿಗೆ ಬಟ್ಟೆಯ ಚಿಂದಿ ಸುತ್ತಿತ್ತು. ಊರಿಗೇ ಬೆರಳಿನ ರೋಗ ಬಂದಿದೆಯೇ ಎಂದು ನನಗೆ ನಗು ಬಂತು.

“ಏನಾತಜ್ಜಾ ಬೆರಳಿಗೆ?” ಎಂದು ತುದಿಯಲ್ಲಿದ್ದ ಮುದುಕನನ್ನು ಕೇಳಿದೆ.

“ಏನೂ ಆಗಿಲ್ಲರೀ. ಮನಿಆರ್ಡರ್ ಬರೂತನಕ ಮಸಿಗೆ ನೀರ ತಾಗಬಾರದಲ್ಲರಿ, ಅದಕ್ಕ ಕಟ್ಟೀವಿ. ಎಡಗೈಲೆ ಹೊಲದ ಕೆಲಸ ಸಾಗವಲ್ದು. ಜಲ್ದಿ ತರಿಸ್ರಿ.”

“ಯಾರು ಹೇಳಿದ್ರು ನಿಮಗ?”

“ನಮ್ಮ ಫಕ್ಕೀರವ್ವ ಹೇಳ್ಯಾಳ್ರಿ. ಅಕಿ ತಿಳೀಲಾರದ ತೊಳದಿದ್ಲಂತ. ಅಕಿದು ಎಲ್ಲಾ ಹೋತಂತ.”

ಆ ಹೊತ್ತಿಗೆ ಅವಳೇ ಬಂದಳು, ಕಣ್ಣು ಕಾಣದ ತನ್ನ ಅಕ್ಕನ ಕೈಹಿಡಿದುಕೊಂಡು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ನನ್ನನ್ನು ಗುರುತು ಹಿಡಿದಳು, “ಆರಾಮ ಅದೀರೇನ್ರಿ ಕಾರಕೂನ್ರ” ಎಂದಳು. ನಾನು ಅಕ್ಕನ ಅರ್ಜಿ ಬರೆದೆ, ಬೆರಳು ಹಿಡಿದು ಒತ್ತಿಸಿದೆ. ಅಭ್ಯಾಸದಂತೆ ಒರೆಸಲು ಅರಿವೆ ಮುಂದೆ ಮಾಡಿದಾಗ ಫಕ್ಕೀರವ್ವ ನನ್ನ ಕೈ ತಡೆದಳು.

“ಒರಸಬ್ಯಾಡ್ರಿ. ನಂದ ಆದಂಗ ಅಕಿದು ಆಗಬಾರದು.” ಸೊಂಟದಿಂದ ಚಿಂದಿ ತೆಗೆದು ಅಕ್ಕನ ಬೆರಳಿಗೆ ಸುತ್ತಲು ಶುರುಮಾಡಿದಳು.

ಆಗ ಹೇಳಿದೆ. ಕಟ್ಟೆಯ ಮೇಲಿನ ಎಲ್ಲರಿಗೂ ಕೇಳುವಂತೆ ಹೇಳಿದೆ. ಮಸಿ ತೊಳೆದರೆ ಏನೂ ಆಗುವುದಿಲ್ಲ, ಆ ಕಾಗದ ಹೋಗಲೇ ಇಲ್ಲ, ದ್ಯಾಮಪ್ಪ ಒತ್ತಿದ್ದು ಬಿಳಿ ಹಾಳೆಯ ಮೇಲೆ, ಅದನ್ನು ಮೂರು ತಿಂಗಳು ಡ್ರಾವರಿನಲ್ಲಿ ಇಟ್ಟುಕೊಂಡವನು ನಾನು, ಒಂದು ಕಾರ್ಡು ಬರೆಯದವನು ನಾನು. ಚೀಲದ ಒಳಜೇಬಿನಿಂದ ಆ ಹಾಳೆ ತೆಗೆದು ಅವಳ ಮುಂದೆ ಹಿಡಿದೆ. ಮಡಿಕೆಗಳಲ್ಲಿ ಹಳದಿಯಾಗಿತ್ತು, ಹೆಬ್ಬೆಟ್ಟಿನ ಗೆರೆಗಳು ಮಾತ್ರ ಸ್ಪಷ್ಟವಾಗಿದ್ದವು.

ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ.

“ಈ ಕೈಲೆ ಉಂಡೇನ್ರಿ ಆರು ವರ್ಷ” ಎಂದಳು. “ತಮ್ಮನ ಮನಿ ರೊಟ್ಟಿ, ತುತ್ತಿಗೊಮ್ಮೆ ಈ ಕೈ ಬೈಕೋತ ಉಂಡೇನಿ. ನೀವು ಅವತ್ತ ಒಂದ ಮಾತ ಹೇಳಿದ್ರ ನಿಮ್ಮನ್ನ ಬೈತಿದ್ನಿ. ನನ್ನ ಕೈ ಬೈತಿದ್ದಿಲ್ಲ.”

“ತಪ್ಪಾತು” ಎಂದು ಹಾಳೆಯನ್ನು ಇನ್ನೂ ಮುಂದೆ ಹಿಡಿದೆ. “ಇದನ್ನರ ಇಟ್ಕೊ ಯವ್ವಾ. ಅವನ ಗುರುತು.”

“ನನಗ್ಯಾಕ್ರಿ? ನಿಮ್ಮ ಕಡೆನ ಇರಲಿ.”

ಅವಳು ಅಕ್ಕನ ಬೆರಳಿನ ಚಿಂದಿ ಬಿಚ್ಚಿದಳು. ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ ಆ ನೀಲಿಯನ್ನು ಮೆಲ್ಲಗೆ, ಪೂರ್ತಿ ಹೋಗುವವರೆಗೆ ತಿಕ್ಕಿದಳು. ಕಟ್ಟೆಯ ಮೇಲಿನ ಮುದುಕರು ಅದನ್ನು ನೋಡಿ, ಒಬ್ಬೊಬ್ಬರಾಗಿ ತಮ್ಮ ಚಿಂದಿ ಬಿಚ್ಚಿದರು. ಫಕ್ಕೀರವ್ವ ಅಕ್ಕನನ್ನು ಎಬ್ಬಿಸಿಕೊಂಡು, ನನ್ನ ಕಡೆ ತಿರುಗದೆ, ಮನೆಯ ದಾರಿ ಹಿಡಿದಳು.

ಆ ಹಾಳೆ ಇನ್ನೂ ನನ್ನ ಕಡೆಯೇ ಇದೆ.